ಊರಿಗೆ ಬರುವ ಹಣದ ಲೆಕ್ಕ

ತಿಂಗಳ ಮೊದಲ ವಾರದಲ್ಲಿ ರಾಯಬಾಗ ಇಲ್ಲವೆ ಅಥಣಿಯ ಯಾವುದಾದರೊಂದು ಬ್ಯಾಂಕಿನ ಬಾಗಿಲಲ್ಲಿ ಅರ್ಧ ತಾಸು ನಿಂತು ನೋಡಿರಿ. ಸೆರಗಿನಲ್ಲಿ ಪಾಸ್‌ಬುಕ್ಕು ಸುತ್ತಿಕೊಂಡ ಹೆಣ್ಣುಮಕ್ಕಳು, ಕೋಲೂರಿದ ಮುದುಕರು ಕೇಳುವುದು ಒಂದೇ ಮಾತು: 'ರೊಕ್ಕ ಬಂದೈತೇನ್ರಿ?' ಹಿಂದೆ ಇದೇ ಮಾತನ್ನು ಟಪಾಲಿನವನಿಗೆ ಕೇಳುತ್ತಿದ್ದರು. ಮನಿಯಾರ್ಡರಿನ ಸ್ಥಳಕ್ಕೆ ಮೊಬಾಯಿಲು ಬಂದಿದೆ. ಕಾಯುವುದು ಮಾತ್ರ ತಪ್ಪಿಲ್ಲ.

ಈ ಹಣ ಇಚಲಕರಂಜಿಯ ಯಂತ್ರಮಗ್ಗಗಳಿಂದ ಬರುತ್ತದೆ. ಕೊಲ್ಲಾಪುರದ ಎರಕದ ಕಾರಖಾನೆಗಳಿಂದ, ಸಾಂಗಲಿ-ಮಿರಜಗಳಿಂದ, ಪುಣೆ-ಮುಂಬಯಿಗಳ ಕಟ್ಟಡದ ಕೆಲಸದಿಂದ ಬರುತ್ತದೆ. ೧೯೫೬ರ ನವೆಂಬರ ೧ರಂದು ನಮ್ಮ ಸೀಮೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯದ ಗಡಿ ಬದಲಾಯಿತು, ಹೊಟ್ಟೆಯ ದಾರಿ ಬದಲಾಗಲಿಲ್ಲ. ವಿಚಿತ್ರವೆಂದರೆ, ಕೃಷ್ಣೆಯ ದಂಡೆಯಲ್ಲಿ ನಮ್ಮ ಕಬ್ಬು ಕಡಿಯಲು ಬೀಡ ಜಿಲ್ಲೆಯ ಗಂಡಹೆಂಡಿರು ಮುಂಗಡ ಪಡೆದು ಬರುತ್ತಾರೆ. ಅಥಣಿಯ ಪೂರ್ವದ ಒಣಬೇಸಾಯದ ಊರುಗಳ ತರುಣರು ಗಡಿ ದಾಟಿ ಹೋಗುತ್ತಾರೆ. ಇವನ ಊರಿನಲ್ಲಿ ಅವನಿಗೆ ಕೆಲಸವಿದೆ, ಅವನ ಊರಿನಲ್ಲಿ ಇಬ್ಬರಿಗೂ ಇಲ್ಲ!

ದುಡಿಯಲು ಹೋದವನು ಹಣವನ್ನು ಏಕೆ ಕಳಿಸುತ್ತಾನೆ? ತಂದೆತಾಯಿಗಳ ಮೇಲಿನ ಪ್ರೀತಿಯಿಂದ ಎನ್ನುತ್ತೇವೆ. ಪ್ರೀತಿಯಿದೆ, ಅಲ್ಲಗಳೆಯುವುದಿಲ್ಲ. ಆದರೆ ಅದರ ಜೊತೆಗೆ ಒಂದು ಲೆಕ್ಕವೂ ಇದೆ. ತಾನು ಬೇನೆಬಿದ್ದರೆ, ಕೈ ಯಂತ್ರಕ್ಕೆ ಸಿಕ್ಕರೆ, ಮಾಲಕನು 'ನಾಳೆ ಬರಬೇಡ' ಎಂದರೆ ತನಗೆ ಅನ್ನ ಹಾಕುವುದು ಊರಿನ ಮನೆಯೊಂದೇ ಎಂಬುದನ್ನು ಅವನು ಬಲ್ಲ. ಆದ್ದರಿಂದ ನಾವು ಹೇಳುವುದಿಷ್ಟೆ: ಅವನು ಕಳಿಸುವ ಹಣ ದಾನವಲ್ಲ, ಉಳಿತಾಯವೂ ಅಲ್ಲ, ಅದು ವಿಮೆಯ ಕಂತು.

ಚರಿತ್ರೆ ಇದಕ್ಕೆ ಸಾಕ್ಷಿ. ೧೯೮೨ರ ಜನವರಿ ೧೮ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಸಾವಿರಾರು ಜನ ತಮ್ಮ ತಮ್ಮ ಹಳ್ಳಿಗಳಿಗೆ ಮರಳಿದರು. ಗಿರಣಿ ಕೊಡದ ಕಾಳನ್ನು ಹೊಲ ಕೊಟ್ಟಿತು. ೨೦೨೦ರ ಮಾರ್ಚ ೨೫ರಿಂದ ದೇಶಕ್ಕೆ ಬೀಗ ಬಿದ್ದಾಗ ನಿಪ್ಪಾಣಿ ಹತ್ತಿರದ ಕೊಗನೋಳಿ ನಾಕೆಯಲ್ಲಿ ಮನೆಗೆ ಹೊರಟ ಜನ ತಡೆದು ನಿಲ್ಲಬೇಕಾಯಿತು. ದಾಟಿ ಬಂದವರನ್ನು ಸಾಕಿದವರು ಯಾರು? ಅದೇ ಮುದುಕ, ಅದೇ ಹೆಂಡತಿ. ಕಂತು ತುಂಬಿದವನು ಕಾರ್ಮಿಕ, ಪರಿಹಾರ ಕೊಟ್ಟದ್ದು ಅವನ ಮನೆ. ಅವನ ದುಡಿಮೆಯ ಲಾಭ ಉಂಡ ಮಾಲಕನ ಪಾಲು ಎಷ್ಟು?

ಈ ಹಣದಿಂದ ಒಳ್ಳೆಯದಾಗಿಲ್ಲವೆಂದು ನಾವು ಹೇಳುವುದಿಲ್ಲ. ಮೇಲ್ಛಾವಣಿಗೆ ಪತ್ರೆ ಬಂದಿದೆ, ಸಾವಕಾರನ ಬಡ್ಡಿ ಮುಟ್ಟಿದೆ. ನಾವು ಮಾಸ್ತರಿಕೆ ಮಾಡುತ್ತಿದ್ದ ವರ್ಷಗಳಲ್ಲಿ ಹೊರಗಿನಿಂದ ಹಣ ಬರುವ ಮನೆಯ ಹುಡುಗನ ಚೀಲದಲ್ಲಿ ಪೂರ್ತಿ ವಹಿಗಳಿರುತ್ತಿದ್ದವು. ಆದರೆ ಅದೇ ಮನೆಯ ಆರನೆಯ ಇಯತ್ತೆಯ ಹುಡುಗಿ ಹಾಜರಿಪಟ್ಟಿಯಲ್ಲಿ ಮೇಲಿಂದ ಮೇಲೆ ಗೈರು. ತಂದೆಯಿಲ್ಲದ ಹೊಲಕ್ಕೆ ತಾಯಿ ಹೋದಳು, ತಾಯಿಯಿಲ್ಲದ ಒಲೆಗೆ ಮಗಳು ಬಂದಳು. ಅಣ್ಣನ ವಹಿಯ ಬೆಲೆಯನ್ನು ತಂಗಿ ತೆತ್ತಳು.

ತಾಯಿಯ ಸ್ಥಿತಿಯಾದರೂ ಏನು? ಬಿತ್ತುವವಳು, ಕಳೆ ತೆಗೆಯುವವಳು, ಅತ್ತೆಮಾವಂದಿರ ಔಷಧ ನೋಡುವವಳು ಅವಳು. ಉತಾರೆಯಲ್ಲಿ ಹೆಸರು ಗಂಡನದು ಇಲ್ಲವೆ ಮಾವನದು. ಸೊಸಾಯಿಟಿಗೆ ಬೆಳೆಸಾಲ ಕೇಳಲು ಹೋದರೆ ಉತಾರೆಯಲ್ಲಿದ್ದವನನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಅವನು ಇಚಲಕರಂಜಿಯಲ್ಲಿ ರಾತ್ರಿ ಪಾಳಿಯಲ್ಲಿದ್ದಾನೆ. ನಿಪ್ಪಾಣಿಯಲ್ಲಿ ಹಣ ತಡವಾದ ತಿಂಗಳು ಒಲೆ ಉರಿಸುವುದು, ಸಾವಿರಕ್ಕೆ ಇಷ್ಟೆಂದು ಎಣಿಸಿ ಕೊಡುವ ಬೀಡಿಯ ಕೂಲಿಯೇ. ಆದರೂ ಊರು ಅನ್ನುವುದು, 'ಗಂಡ ಕಳಿಸತಾನ, ಕುಂತು ಉಣತಾಳ' ಎಂದು!

ವಿದೇಶಗಳಿಂದ ಭಾರತಕ್ಕೆ ೨೦೨೨ರಲ್ಲಿ ಬಂದ ಹಣ ಹತ್ತು ಸಾವಿರ ಕೋಟಿ ಡಾಲರುಗಳನ್ನು ಮೀರಿತೆಂದು ಜಾಗತಿಕ ಬ್ಯಾಂಕು ಲೆಕ್ಕ ಕೊಟ್ಟಿತು, ದೇಶ ಹೆಮ್ಮೆಪಟ್ಟಿತು. ಇಚಲಕರಂಜಿಯಿಂದ ಕಾಗವಾಡಕ್ಕೆ ಬರುವ ಹಣವನ್ನು ವರ್ಷವರ್ಷ ಎಣಿಸುವವರಿಲ್ಲ. ಎಣಿಸಿದರೆ ಹೊಣೆ ಬರುತ್ತದೆಯಲ್ಲವೆ?

ಕಾನೂನಾದರೂ ಕೈಹಿಡಿದೀತೆ? ಅಂತರರಾಜ್ಯ ವಲಸೆ ಕಾರ್ಮಿಕರ ೧೯೭೯ರ ಕಾನೂನು ಅಂಥ ಐದು ಜನರಿದ್ದಲ್ಲಿ ಅನ್ವಯಿಸುತ್ತಿತ್ತು. ಅದರ ಸ್ಥಳಕ್ಕೆ ಬಂದ ೨೦೨೦ರ ಸಂಹಿತೆ ೨೦೨೫ರ ನವೆಂಬರ ೨೧ರಿಂದ ಜಾರಿಯಲ್ಲಿದೆ. ಅದು ಹತ್ತು ಜನರಿರಬೇಕೆನ್ನುತ್ತದೆ. ಪ್ರಾವಿಡೆಂಟ್ ಫಂಡಿಗಂತೂ ಇಪ್ಪತ್ತು. ನಾಲ್ಕೆಂಟು ಮಗ್ಗಗಳ ಸಣ್ಣ ಶೆಡ್ಡಿನಲ್ಲಿ ಇಷ್ಟು ಜನ ಎಲ್ಲಿಂದ ಬರಬೇಕು? ಅಲ್ಲಿ ದುಡಿಯುವವನು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಎರಡು. ತಲೆಯೆಣಿಕೆ ಹತ್ತಿರಲಿ, ಎರಡಿರಲಿ, ದುಡಿಸಿಕೊಂಡವನು ವಿಮೆಯಲ್ಲಿ ತನ್ನ ಪಾಲು ತುಂಬಲೇಬೇಕು. ಹೊಲ ಮಾಡುವ ಹೆಣ್ಣುಮಗಳಿಗೆ ಅವಳ ಸಹಿಯ ಮೇಲೆಯೇ ಸೊಸಾಯಿಟಿ ಸಾಲ ಕೊಡಬೇಕು. ಮೂರನೆಯದು ಬೇಡಿಕೆಯಲ್ಲ, ನಮ್ಮ ತರುಣರಿಗೆ ಹೇಳುವ ಮಾತು. ಚಿಂಚಲಿ ಮಾಯಕ್ಕನ ಜಾತ್ರೆಗೆಂದು ಊರಿಗೆ ಬಂದಾಗ ಹೆಂಡತಿಗೆ ಸೀರೆ ತರುತ್ತೀರಿ, ತನ್ನಿರಿ. ಅದರ ಜೊತೆಗೆ ಒಂದು ದಿನ ಉಳಿದು, ಉತಾರೆಯಲ್ಲಿ ಅವಳ ಹೆಸರನ್ನು ಕೂಡಿಸುವ ಕೆಲಸಕ್ಕೆ ಕೈಹಾಕಿರಿ. ನಿಮ್ಮ ಕಷ್ಟಕಾಲಕ್ಕೆ ಅನ್ನ ಹಾಕುವವಳು ಅವಳು. ಅವಳ ಕಷ್ಟಕಾಲಕ್ಕೆ ಅವಳ ಕೈಯಲ್ಲಿ ಏನಿದೆ ಎಂಬುದನ್ನು ಒಮ್ಮೆ ಯೋಚಿಸಿರಿ.