ಪೂರ್ತಿ ಓದುವವರ ಪ್ರಣಾಳಿಕೆ

ನಾವು ಕನ್ನಡ ಸಭೆಗಳಲ್ಲಿ ಬೆಳೆದವರು. ಕುಟುಂಬ ಪ್ರಾರ್ಥನೆ, ಸಂಡೇ ಸ್ಕೂಲಿನ ಬಾಯಿಪಾಠ, ಹೊಸ ವರ್ಷದ ವಾಗ್ದಾನದ ಕಾರ್ಡು, ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ದಿನದ ವಚನ, ಎಲ್ಲವೂ ನಮ್ಮವೇ. ಸತ್ಯವೇದದ ಮೇಲಿನ ಪ್ರೀತಿಯಿಂದಲೇ ಇಂದು ಬಹಿರಂಗವಾಗಿ ಹೇಳುತ್ತಿದ್ದೇವೆ: ಅದನ್ನು ನಾವು ದಿನವೂ ತೆರೆಯುತ್ತೇವೆ, ಆದರೆ ಓದುವುದು ಕಡಿಮೆ.

ನಮ್ಮ ಆಕ್ಷೇಪ

ಒಳ್ಳೆಯ ಮುಂದಿನ ದಿನಗಳ ನಿರೀಕ್ಷೆ ಕೊಡುವ ವಾಗ್ದಾನ, ಯೆರೆಮೀಯ 29:11, ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಒಂದು ಸಾಲು. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷದ ಲೆಕ್ಕ ಹೇಳುತ್ತದೆ. ಅಂದರೆ ಪತ್ರ ಕೇಳಿಸಿಕೊಂಡ ಹಿರಿಯರು ಊರಿನ ಮುಖ ಮತ್ತೆ ನೋಡುವಂತಿರಲಿಲ್ಲ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಸೆರೆಯಾಗಿ ಹೋದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಪ್ರವಾದಿ ಬರೆದ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದವನೂ ಒಬ್ಬನಿದ್ದ, ಹನನ್ಯ. ಅವನು ಸುಳ್ಳು ಪ್ರವಾದಿ ಎಂದು 28ನೇ ಅಧ್ಯಾಯ ತೋರಿಸುತ್ತದೆ. ಹನ್ನೊಂದನೇ ವಚನವನ್ನಷ್ಟೇ ಕತ್ತರಿಸಿಕೊಂಡಾಗ ನಾವು ಯೆರೆಮೀಯನ ಬಾಯಲ್ಲಿ ಹನನ್ಯನ ಮಾತು ಆಡಿಸುತ್ತೇವೆ.

ಹೊಸ ಅಂಗಡಿ ತೆರೆದವರಿಗೆ ಯೋಬ 8:7 ಹಿತವಾಗಿ ಕೇಳಿಸುತ್ತದೆ: ಚಿಕ್ಕದಾಗಿ ಶುರುವಾದದ್ದು ದೊಡ್ಡದಾಗುವುದೆಂಬ ಭರವಸೆ. ಆ ಮಾತು ಆಡಿದವನು ಯೋಬನ ಗೆಳೆಯರಲ್ಲಿ ಒಬ್ಬನಾದ ಬಿಲ್ದದ. ಮೂರು ವಚನ ಹಿಂದಕ್ಕೆ ಹೋಗಿ. ಮಕ್ಕಳನ್ನೆಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತ ತಂದೆಗೆ, ಅವರು ಸತ್ತದ್ದು ಅವರ ಪಾಪದಿಂದಲೇ ಎಂಬರ್ಥದ ಮಾತನ್ನು ಇದೇ ಮನುಷ್ಯ ಆಡಿದ್ದಾನೆ. ಕೊನೆಯ ಅಧ್ಯಾಯದಲ್ಲಿ ದೇವರು ಈ ಗೆಳೆಯರ ಮೇಲೆ ಕೋಪಗೊಳ್ಳುತ್ತಾನೆ. ಅಷ್ಟು ದೂರ ಓದದವರಿಗೆ ಅದು ಗೊತ್ತಾಗುವುದೇ ಇಲ್ಲ.

ವಾಗ್ದಾನದ ವಚನವನ್ನು ಅದರ ಜಾಗದಿಂದ ಕಿತ್ತು ಬಳಸಿದ್ದು ಲೂಕ 4ರಲ್ಲೂ ಇದೆ. ದೇವಾಲಯದ ತುದಿಯಲ್ಲಿ ಯೇಸುವನ್ನು ನಿಲ್ಲಿಸಿ 91ನೇ ಕೀರ್ತನೆಯ ಮಾತನ್ನು ಒಪ್ಪಿಸಿದವನು ಸೈತಾನ. ವಚನ ಬಾಯಿಗೆ ಬಂದ ಮಾತ್ರಕ್ಕೆ ಅದು ದೇವರ ಮಾತಾಗಿ ಉಳಿಯುವುದಿಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇದು ಪಂಡಿತರ ತಕರಾರಲ್ಲ, ಇದರಿಂದ ಮನುಷ್ಯರಿಗೆ ಪೆಟ್ಟಾಗುತ್ತಿದೆ. ಕಾಯಿಲೆ ಬಿದ್ದವರ ಕೈಗೆ ಗುಣವಾಗುವ ವಚನ ಕೊಡುತ್ತೇವೆ. ಗುಣವಾಗದಿದ್ದರೆ ಅವರ ನಂಬಿಕೆಯನ್ನೇ ಅನುಮಾನಿಸುತ್ತೇವೆ. 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ಅದನ್ನು ಯಾರ ಹಾಸಿಗೆಯ ಪಕ್ಕದಲ್ಲೂ ನಾವು ಓದುವುದಿಲ್ಲ. ಮದುವೆ, ಸಾಲ, ಆಪರೇಷನ್ನು, ಯಾವುದೇ ಮಾತು ಬಂದರೂ "ದೇವರು ನನಗೆ ವಚನ ಕೊಟ್ಟಿದ್ದಾರೆ" ಎಂದುಬಿಟ್ಟರೆ ಮನೆಯವರ ಬಾಯಿ ಕಟ್ಟಿತು.

ನಾವು ಯಾರ ವಿರೋಧಿಗಳೂ ಅಲ್ಲ

ಭಕ್ತಿಯಿಂದ ಓದುವುದನ್ನು ಬಿಡಿ ಎಂದು ನಾವು ಹೇಳುತ್ತಿಲ್ಲ. ದಿನಕ್ಕೊಂದು ವಚನದ ಪದ್ಧತಿ ಹಳೆಯದು. ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ನರು ಚೀಟಿ ಎತ್ತಿ ಆರಿಸಿದ ವಚನಗಳ ಪುಸ್ತಕವನ್ನು 1731ರಿಂದಲೇ ಅಚ್ಚು ಹಾಕಿಸುತ್ತಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರೂ ಅಂಥದೇ ಭಕ್ತಿಧಾರೆಯವರು. ಆ ಋಣ ನಮ್ಮ ಮೇಲಿದೆ. ಆದರೆ ಉಪ್ಪಿನಕಾಯಿ ನೆಕ್ಕಿ ಊಟ ಮುಗಿಸಿದೆವು ಎನ್ನಲಾಗದು. ಪೌಲ ಬರೆದದ್ದು ಪತ್ರಗಳನ್ನು, ಬಿಡಿ ವಚನಗಳನ್ನಲ್ಲ. ಹೊಸ ಒಡಂಬಡಿಕೆಗೆ ಇಂದಿನ ವಚನ ಸಂಖ್ಯೆಗಳನ್ನು ಕೊಟ್ಟವನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ.

ನಮ್ಮ ನಿರ್ಧಾರಗಳು

1. ಒಂದು ವಚನ ಹೇಳುವ ಮುನ್ನ ಅದರ ಅಧ್ಯಾಯವನ್ನು ಪೂರ್ತಿ ಓದುತ್ತೇವೆ. ಯಾರು, ಯಾರಿಗೆ, ಯಾವ ಸಂಕಟದಲ್ಲಿ ಹೇಳಿದರು ಎಂದು ಕೇಳುತ್ತೇವೆ. "ಇದರಲ್ಲಿ ನನಗೇನಿದೆ?" ಎಂಬ ಪ್ರಶ್ನೆ ಆಮೇಲೆ.

2. ಕಹಿ ಪುಟಗಳನ್ನು ಹಾರಿಸುವುದಿಲ್ಲ. 137ನೇ ಕೀರ್ತನೆಯ ಕೊನೆಯ ಸಾಲುಗಳನ್ನೂ ನ್ಯಾಯಸ್ಥಾಪಕರು 19ನ್ನೂ ಓದುತ್ತೇವೆ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನುತ್ತೇವೆ.

3. ಒಟ್ಟಿಗೆ ಓದುತ್ತೇವೆ. ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿ, ತಿಳಿಸಿಕೊಡುವವರು ಬೇಕೆಂದು ಫಿಲಿಪ್ಪನನ್ನು ಹತ್ತಿಸಿಕೊಂಡ. ನಮಗೂ ಜೊತೆಯವರು ಬೇಕು.

4. ದಿನವೂ ಕಣ್ಣು ತುಂಬಿ ಬರಲೇಬೇಕೆಂದಿಲ್ಲ. ವಂಶಾವಳಿ ಓದಿದ ದಿನ ಮನಸ್ಸು ಕರಗದಿದ್ದರೆ ಅದು ಪಾಪವಲ್ಲ.

5. ನೊಂದವರ ಮನೆಗೆ ವಚನದ ಕಾರ್ಡು ಹಿಡಿದು ಹೋಗುವುದಿಲ್ಲ. ಯೋಬನ ಗೆಳೆಯರು ಮೊದಲ ಏಳು ದಿನ ಮಾಡಿದ್ದನ್ನು, ಅಂದರೆ ಮಾತಿಲ್ಲದೆ ಜೊತೆಯಲ್ಲಿ ಕೂರುವುದನ್ನು, ಕಲಿಯುತ್ತೇವೆ.

ಮೊದಲ ಹೆಜ್ಜೆ

ಫಿಲೆಮೋನನಿಗೆ ಬರೆದ ಪತ್ರದಿಂದ ಶುರುಮಾಡೋಣ. ಇಪ್ಪತ್ತೈದೇ ವಚನ, ಒಂದೇ ಸಲಕ್ಕೆ ಗಟ್ಟಿಯಾಗಿ ಓದಿ ಮುಗಿಸಬಹುದು. ಸೆರೆಯಲ್ಲಿರುವ ಪೌಲ ಒಬ್ಬ ಯಜಮಾನನಿಗೆ, ಅವನ ಮನೆಯಲ್ಲಿ ಕೂಡುವ ಸಭೆಗೂ ಕೇಳಿಸುವಂತೆ, ಗುಲಾಮ ಒನೇಸಿಮನನ್ನು ಸಹೋದರನೆಂದು ಬರಮಾಡಿಕೋ ಎನ್ನುತ್ತಾನೆ. ಅವನ ಸಾಲವಿದ್ದರೆ ತನ್ನ ಲೆಕ್ಕಕ್ಕೆ ಬರೆ ಎನ್ನುತ್ತಾನೆ. ಇದರಲ್ಲಿ ಕಾರ್ಡಿಗೆ ಒಗ್ಗುವ ವಾಗ್ದಾನ ಸಿಗುವುದು ಕಷ್ಟ. ಸಿಗುವುದು ಒಂದು ಬೇಡಿಕೆ. ಜಾತಿ ನೋಡಿ ಹೆಣ್ಣು ಕೇಳುವ, ಜಾತಿ ನೋಡಿ ಹಿರಿಯರನ್ನು ಆರಿಸುವ ಚಾಳಿ ನಮ್ಮ ಸಭೆಗಳಲ್ಲಿ ಇರುವತನಕ ಆ ಬೇಡಿಕೆಗೆ ನಮ್ಮ ಉತ್ತರ ಬಾಕಿ.

ಈ ಭಾನುವಾರ ಆರಾಧನೆ ಮುಗಿದ ಮೇಲೆ ನಾಲ್ಕು ಜನ ಉಳಿದುಕೊಳ್ಳಿ. ಪತ್ರವನ್ನು ಪೂರ್ತಿ ಓದಿ, ಉತ್ತರ ಕೊಡಲು ಶುರುಮಾಡಿ.