ಆವಿಯ ಕೊಳವೆ ಕೊಟ್ಟು ಕಡಲಿಗೆ ಅಟ್ಟಿದರು

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಎಷ್ಟೋ ಸರಕು ಹಡಗುಗಳ ಡೆಕ್ಕಿನ ಮೇಲೆ ಒಂದು ಉಕ್ಕಿನ ಕೊಳವೆ ನಿಂತಿರುತ್ತಿತ್ತು. ಹೆಸರು ಹಾಲ್ಮನ್ ಪ್ರೊಜೆಕ್ಟರ್. ಕಾರ್ನ್‌ವಾಲ್‌ನಲ್ಲಿ ಗಣಿ ಯಂತ್ರಗಳನ್ನು ಮಾಡುತ್ತಿದ್ದ ಕಂಪನಿಯೊಂದು 1940ರಲ್ಲಿ ತಯಾರಿಸಿದ್ದು. ಕೈಬಾಂಬನ್ನು ತಗಡಿನ ಡಬ್ಬಿಯಲ್ಲಿಟ್ಟು ಕೊಳವೆಯೊಳಗೆ ಬಿಟ್ಟರೆ ಬಾಯ್ಲರಿನ ಆವಿ ಅದನ್ನು ದಾಳಿಗೆ ಬಂದ ವಿಮಾನದತ್ತ ಆಕಾಶಕ್ಕೆ ಚಿಮ್ಮಿಸಬೇಕು. ಒತ್ತಡ ಸಾಲದಿದ್ದರೆ ಬಾಂಬು ಹಡಗಿನ ಪಕ್ಕದಲ್ಲೇ ಬೀಳುತ್ತಿತ್ತು. ನಾವಿಕರು ಅದರಿಂದ ಆಲೂಗಡ್ಡೆ ಹಾರಿಸುತ್ತಿದ್ದರೆಂದು ಇಂದಿಗೂ ನಗುತ್ತಾ ಹೇಳುವವರಿದ್ದಾರೆ. ಇದು ನಗುವ ಸಂಗತಿಯಲ್ಲ.

ಇನ್ನೊಂದು ಸಾಧನ, ರಾಕೆಟ್ಟು ಕಟ್ಟಿ ಸುಮಾರು 500 ಅಡಿ ಮೇಲಕ್ಕೆ ಎಸೆದು ಪ್ಯಾರಾಚೂಟಿನಲ್ಲಿ ತೂಗಾಡಿಸುವ ಉಕ್ಕಿನ ತಂತಿ. ಶತ್ರು ವಿಮಾನ ತಾನಾಗಿ ಬಂದು ಅದಕ್ಕೆ ಸಿಕ್ಕಿಬೀಳಬೇಕು. ಕೆಲವು ಹಡಗುಗಳ ಮೂತಿಯಿಂದ ಹರಿಕೇನ್ ವಿಮಾನವನ್ನೇ ಹಾರಿಸಿದರು. ಅದು ಮರಳಿ ಇಳಿಯಲು ಜಾಗವಿರಲಿಲ್ಲ. ದಡ ದೂರವಿದ್ದರೆ ಪೈಲಟ್ ಕೊರೆಯುವ ಸಮುದ್ರಕ್ಕೆ ಧುಮುಕಿ, ಯಾರಾದರೂ ಎತ್ತಿಕೊಂಡಾರೆಂದು ಕಾಯಬೇಕಿತ್ತು.

ಕೈಗೆ ಸಿಕ್ಕಿದ್ದರಲ್ಲಿ ಆಯುಧ ಮಾಡಿಕೊಟ್ಟ ಎಂಜಿನಿಯರುಗಳನ್ನು ನಾವು ದೂರುವುದಿಲ್ಲ. ಏನೋ ಒಂದು ಸಿಡಿಯುತ್ತದೆಂಬ ಅಂಜಿಕೆಗೆ ಕೆಲವು ವಿಮಾನಗಳಾದರೂ ತಗ್ಗಿ ಬರಲು ಹಿಂಜರಿದಿರಬೇಕು. ತಪ್ಪು ಆಳುವವರದು. ಸ್ಪೇನಿನ ಅಂತರ್ಯುದ್ಧದಲ್ಲಿ, 1938ರಲ್ಲೇ, ಬ್ರಿಟಿಷ್ ಸರಕು ಹಡಗುಗಳ ಮೇಲೆ ಬಾಂಬು ಬಿದ್ದಿತ್ತು. ಪಾಠ ಕಣ್ಣೆದುರೇ ಇತ್ತು. ಆದರೂ ಯುದ್ಧ ಬಂದಾಗ ಅನೇಕ ಹಡಗುಗಳಿಗೆ ದಕ್ಕಿದ್ದು ಹಿಂದಿನ ಮಹಾಯುದ್ಧದ ಹಳೇ ಲೂಯಿಸ್ ಗನ್ನು. ಒಳ್ಳೆಯ ಓರ್ಲಿಕಾನ್ ತೋಪು ಸ್ವಿಟ್ಜರ್ಲೆಂಡಿನಿಂದ ಬರಬೇಕಿತ್ತು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತ ಮೇಲೆ ಆ ದಾರಿಯೂ ಮುಚ್ಚಿತು. ಸಿಕ್ಕ ತೋಪುಗಳಲ್ಲೂ ಮೊದಲ ಪಾಲು ಯುದ್ಧನೌಕೆಗಳಿಗೆ. ದೇಶಕ್ಕೆ ಅನ್ನ, ಎಣ್ಣೆ ಹೊತ್ತು ತರುವವನ ಜೀವಕ್ಕೆ ಕೊನೆಯ ಸಾಲು.

ಆ ಕೊಳವೆಗೆ ಬೇಕಾದ ಆವಿಯನ್ನು ಕೆಳಗೆ ಬೆಂಕಿಯ ಮುಂದೆ ಬೆವರಿಳಿಸಿ ಎಬ್ಬಿಸುತ್ತಿದ್ದವರಲ್ಲಿ ಆಗ ಭಾರತದಲ್ಲಿದ್ದ, ಈಗ ಬಾಂಗ್ಲಾದೇಶಕ್ಕೆ ಸೇರಿದ ಸಿಲ್ಹೆಟ್ ಕಡೆಯ ನಮ್ಮವರು ಬಹಳ ಮಂದಿ. ಬ್ರಿಟಿಷ್ ವ್ಯಾಪಾರಿ ಹಡಗುಗಳ ಸಿಬ್ಬಂದಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗ ಭಾರತೀಯರು. ಬಾಂಬು ಎಲ್ಲರಿಗೂ ಒಂದೇ, ಸಂಬಳ ಮಾತ್ರ ಬಿಳಿಯರಿಗಿಂತ ಎಷ್ಟೋ ಕಡಿಮೆ. 1939ರಲ್ಲಿ ಹೆಚ್ಚು ಕೂಲಿ ಕೇಳಿ ಮುಷ್ಕರ ಹೂಡಿದವರಲ್ಲಿ ಅನೇಕರನ್ನು ಜೈಲಿಗೆ ಕಳಿಸಿದರು. ಯುದ್ಧ ಮುಗಿಯುವಷ್ಟರಲ್ಲಿ ಸತ್ತ ಭಾರತೀಯ ನಾವಿಕರು 6,000ಕ್ಕೂ ಹೆಚ್ಚು.

ಇಂಥ ಸಾಧನಗಳದ್ದು ಜಾಣ್ಮೆಯ ಕಥೆಯೆಂದು ಹೊಗಳುವುದು ಸತ್ತವರಿಗೆ ಮಾಡುವ ಅನ್ಯಾಯ. ಆ ಕೊಳವೆಯನ್ನು ಪ್ರದರ್ಶನಕ್ಕಿಡುವವರು ಅದರ ಪಕ್ಕದಲ್ಲೇ ಆ ಹಡಗುಗಳ ಸಂಬಳದ ಪಟ್ಟಿಯನ್ನೂ ಮುಳುಗಿದವರ ಹೆಸರುಗಳನ್ನೂ ಇಡಲಿ. ಬರೀ ಆಲೂಗಡ್ಡೆಯ ಕಥೆ ಹೇಳಿ ಕಳಿಸುವ ಸಂಗ್ರಹಾಲಯ ತನ್ನ ಕೆಲಸ ಮಾಡಿಲ್ಲ.