ಅಪ್ಪನ ಮನೆಗೆ ಮಗನ ಬಾಡಿಗೆ!

ಫೆಬ್ರವರಿ ಬಂತೆಂದರೆ ಬೆಳಗಿನ ಬಸ್ಸಿನಲ್ಲಿ ಸಂಬಳದಾರರದು ಒಂದೇ ಮಾತು: ಬಾಡಿಗೆ ರಸೀದಿ ಯಾರ ಹತ್ತಿರ ಬರೆಸೋದು? ಸ್ವಂತ ಅಪ್ಪನ ಮನೆಯಲ್ಲೇ ಇರುವವರ ಜೇಬಿನಲ್ಲೂ ರಸೀದಿ ರೆಡಿ!

ಇದು ಕಾನೂನಿಗೆ ವಿರುದ್ಧವೇ? ಅಲ್ಲ ಸ್ವಾಮಿ. ಮನೆ ಅಪ್ಪನ ಹೆಸರಿನಲ್ಲಿರಬೇಕು, ಬಾಡಿಗೆ ನಿಜವಾಗಿ ಅವರ ಕೈ ಸೇರಬೇಕು, ಅಷ್ಟೆ. ಆದರೆ ಹಳೇ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ ಈ ರಿಯಾಯ್ತಿ. ಮೂಲವೇತನ, ತುಟ್ಟಿಭತ್ಯೆ ಸೇರಿ 40,000 ಇರುವಾತ ತಿಂಗಳಿಗೆ 10,000 ಬಾಡಿಗೆ ಕೊಟ್ಟರೆ, ಸಂಬಳದ ಶೇ. 10 ಕಳೆದು ವಿನಾಯ್ತಿ ಸಿಗೋದು 6,000ಕ್ಕೆ. ಅದೂ ಬಾಡಿಗೆ ಭತ್ಯೆ ಅಷ್ಟು ಬರುತ್ತಿದ್ದರೆ.

ಬಾಡಿಗೆ ವರ್ಷಕ್ಕೆ ಲಕ್ಷ ದಾಟಿದರೆ ಅಪ್ಪನ ಪ್ಯಾನ್ ನಂಬರೂ ಕೊಡಬೇಕು. ಎಡವಟ್ಟಾಗೋದು ಇಲ್ಲೇ! ಮಗ ವಿನಾಯ್ತಿ ಪಡೆದಿರ್ತಾನೆ, ಅಪ್ಪನ ಲೆಕ್ಕದಲ್ಲಿ ಆ ಬಾಡಿಗೆಯ ಸುದ್ದಿಯೇ ಇರೋಲ್ಲ. ತೋರಿಸಿದರೆ ಹೋಗುವುದೇನು? ಬಾಡಿಗೆಯಲ್ಲಿ ಶೇ. 30 ಬಿಟ್ಟೇ ಲೆಕ್ಕ. ಬೇರೆ ಆದಾಯವಿಲ್ಲದ ಮುದುಕಪ್ಪನಿಗೆ ತೆರಿಗೆಯೇ ಬೀಳದೆ ಇರಬಹುದು.

2017ರಲ್ಲಿ ಮುಂಬಯಿಯ ತೆರಿಗೆ ನ್ಯಾಯಮಂಡಳಿ, ತಾಯಿಗೆ ನಗದು ಬಾಡಿಗೆ ಕೊಟ್ಟೆನೆಂದ ಮಗಳ ವಾದವನ್ನು ತಳ್ಳಿಹಾಕಿತು. ಹಣ ಕೊಟ್ಟದ್ದಕ್ಕೆ ಬ್ಯಾಂಕಿನ ದಾಖಲೆಯಿಲ್ಲ, ಅಲ್ಲಿ ವಾಸವಿದ್ದ ಪುರಾವೆಯೂ ಇಲ್ಲ.

ಅಪ್ಪನ ಜತೆ ಕರಾರುಪತ್ರವೇ ಎಂದು ನಾಚುವವರು ರಸೀದಿ ಬರೆಸುವಾಗ ನಾಚಿರಲಿಲ್ಲ. ಕರಾರು ಮಾಡಿಕೊಳ್ಳಿ, ಬಾಡಿಗೆ ಅಪ್ಪನ ಬ್ಯಾಂಕ್ ಖಾತೆಗೇ ಹಾಕಿ.